ಮೇಜಿನ ಕೆಳಗೆ ಐದು ನಿಮಿಷ



ಕಳೆದ ತಿಂಗಳು ನಮ್ಮ ಚರ್ಚಿನ ಹಬ್ಬದ ದಿನ ಪೂಜೆ ಮುಗಿದ ಮೇಲೆ ಅಂಗಳದಲ್ಲಿ ನಾನೂ ಅವ್ವನೂ ಖಾರದ ಸ್ಟಾಲ್ ಹಾಕಿದ್ದನ್ನು ನೀವೆಲ್ಲ ನೋಡಿದ್ದೀರಿ. ಬಹಳ ಜನ ಕೊಂಡಿರಿ, ಅದಕ್ಕೆ ಮೊದಲು ಥ್ಯಾಂಕ್ಸ್. ಸಂಜೆ ಕುರ್ಚಿ ಎತ್ತಿಡುವಾಗ ನಮ್ಮ ಯುವ ಸಂಘದ ಒಬ್ಬ ಹುಡುಗಿ ಮೆಲ್ಲಗೆ ಬಂದು ಕೇಳಿದಳು: "ಅಕ್ಕಾ, ನಮ್ಮನ್ಯಾಗೂ ಅವ್ವ ಶಾವಗಿ, ಹಪ್ಪಳ ಮಾಡ್ತಾಳ. ಮಂದಿ ಮುಂದ ನಿಂತು ಮಾರು ಅಂದ್ರ ನನ್ನ ಕೈಕಾಲು ತಣ್ಣಗಾಗ್ತಾವ. ನಿಮಗ ಹುಟ್ಟಿನಿಂದಾನ ಧೈರ್ಯ ಐತೇನು?"

ನನಗೆ ನಗು ಬಂತು. ಪಕ್ಕದಲ್ಲಿದ್ದ ಅವ್ವ ಮಾತ್ರ ನಗಲಿಲ್ಲ, ತಕ್ಕಡಿ ಒರೆಸುತ್ತ ನನ್ನ ಮುಖ ನೋಡಿದಳು. ಯಾಕೆಂದು ನನಗೆ ಗೊತ್ತು. ಆ ಹುಡುಗಿಗೆ ಅಲ್ಲಿ ನಿಂತು ಹೇಳುವಂಥ ಕಥೆ ಅದಾಗಿರಲಿಲ್ಲ. ಇಲ್ಲಿ ಹೇಳುತ್ತೇನೆ.

2023 ರ ಡಿಸೆಂಬರ್. ಕೊಲ್ಹಾಪುರದಲ್ಲಿ ಬಚತ್ ಗಟ್‌ಗಳ ಪ್ರದರ್ಶನ, ನಾಲ್ಕು ದಿನ. ಅವ್ವನ ಗಟ್‌ಗೆ ಮೊದಲ ಸಲ ಒಂದು ಸ್ಟಾಲ್ ಸಿಕ್ಕಿತ್ತು. ಗಟ್‌ನಿಂದ ಅವ್ವ ಮೂವತ್ತು ಸಾವಿರ ಸಾಲ ತೆಗೆದು ಮೆಣಸಿನಕಾಯಿ, ಕೊಬ್ಬರಿ, ಮಸಾಲಿ ಸಾಮಾನು ತಂದು, ಹುರಿದು, ಕುಟ್ಟಿಸಿ ನಲವತ್ತು ಕಿಲೋ ಖಾರ ಮಾಡಿದ್ದಳು. ಇನ್ನೂರು ಗ್ರಾಮಿನ ಇನ್ನೂರು ಪಾಕೀಟು. ಅಪ್ಪ ಹದಿನೆಂಟು ವರ್ಷ ಇಚಲಕರಂಜಿಯ ಮಗ್ಗದಲ್ಲಿ ದುಡಿದು, ಆ ಕಾರಖಾನೆ ಬಂದ್ ಆದ ಮೇಲೆ ಗಡಹಿಂಗ್ಲಜಕ್ಕೆ ವಾಪಸ್ ಬಂದಿದ್ದರು. ಮಗ್ಗದ ಸದ್ದಿಗೆ ಕಿವಿ ಸ್ವಲ್ಪ ಮಂದ. ಹೊಸ ಕೆಲಸ ಸಿಕ್ಕಿರಲಿಲ್ಲ. ನಾನು ಬಿಎಸ್ಸಿ ಕೆಮಿಸ್ಟ್ರಿ ಮುಗಿಸಿ ಎರಡು ಕಂಪನಿಗಳ ಇಂಟರ್‌ವ್ಯೂ ಕೊಟ್ಟು ಮನೆಯಲ್ಲಿ ಕುಳಿತಿದ್ದೆ. ಅಂದರೆ ಆ ಇನ್ನೂರು ಪಾಕೀಟಿನ ಮೇಲೆ ಮನೆ ನಿಂತಿತ್ತು ಎಂದರೂ ತಪ್ಪಿಲ್ಲ.

ಚೀಲಗಳನ್ನು ಎಸ್‌ಟಿ ಬಸ್ಸಿಗೆ ಏರಿಸಿಕೊಂಡು ಹೋದೆವು. ಆ ವರ್ಷದ ಮಾರ್ಚ್‌ನಿಂದ ಹೆಣ್ಣುಮಕ್ಕಳಿಗೆ ಅರ್ಧ ಟಿಕೆಟ್ ಆಗಿತ್ತಲ್ಲ. ಅವ್ವ ಆ ಉಳಿತಾಯದ ಲೆಕ್ಕ ಹಾಕುತ್ತಿದ್ದಳು, ಕಂಡಕ್ಟರ್ ಚೀಲಕ್ಕೆ ಲಗೇಜ್ ಹಾಕುವವರೆಗೆ.

ಸ್ಟಾಲಿನಲ್ಲಿ ನಾನು ಮಾಡಿದ್ದು ಏನು? ಪಾಕೀಟುಗಳನ್ನು ನೆಟ್ಟಗೆ ಜೋಡಿಸಿದೆ. ಸಾಲು ಸರಿಯಾಗಿಲ್ಲ ಎಂದು ಮತ್ತೆ ಜೋಡಿಸಿದೆ. ಫೋನ್ ನೋಡಿದೆ. ಯಾರಾದರೂ ನಿಂತರೆ ಇನ್ನೂ ಗಟ್ಟಿಯಾಗಿ ಫೋನ್ ನೋಡಿದೆ. ಅವ್ವನಿಗೆ ಮರಾಠಿ ಅರ್ಥವಾಗುತ್ತದೆ, ಮಾತಾಡಲು ತಡವರಿಸುತ್ತಾಳೆ. ಅದಕ್ಕೇ ಕಲಿತ ಮಗಳನ್ನು ಜೊತೆಗೆ ತಂದಿದ್ದಳು. ಕಲಿತ ಮಗಳು ಬಾಯಿ ಬಿಡಲಿಲ್ಲ. ಪಕ್ಕದ ಸ್ಟಾಲಿನ ಭಡಂಗದ ಮಾವಶಿ "ಯಾ ತಾಈ ಯಾ, ಬಘಾ ತರೀ!" ಎಂದು ಎಂಥವರನ್ನೂ ಎಳೆದು ನಿಲ್ಲಿಸುತ್ತಿದ್ದಳು. ಮೊದಲ ದಿನ ನಮ್ಮದು ಒಂಬತ್ತು ಪಾಕೀಟು ಹೋಯಿತು. ಅದರಲ್ಲಿ ಎರಡು ಆ ಮಾವಶಿಯೇ ಕನಿಕರದಿಂದ ಕೊಂಡದ್ದು.

ಮೂರನೆಯ ದಿನ ಮಧ್ಯಾಹ್ನ ಸಾಲಿನ ಆ ತುದಿಯಲ್ಲಿ ನನ್ನ ಕಾಲೇಜಿನ ಗೆಳತಿ ಕಂಡಳು. ಮೂರು ವರ್ಷ ಒಂದೇ ಬೆಂಚು. ಈಗ ಪುಣೆಯಲ್ಲಿ ಒಂದು ಔಷಧ ಕಂಪನಿಯ ಲ್ಯಾಬಿನಲ್ಲಿದ್ದಾಳೆ. ಕೊರಳಲ್ಲಿ ಐಡಿ ಕಾರ್ಡ್ ಹಾಕಿಕೊಂಡ ಫೋಟೋ ಹಿಂದಿನ ವಾರವಷ್ಟೇ ಸ್ಟೇಟಸ್‌ನಲ್ಲಿ ನೋಡಿದ್ದೆ. ತನ್ನ ತಾಯಿಯ ಜೊತೆ ಸ್ಟಾಲ್ ನೋಡುತ್ತ ನಮ್ಮ ಕಡೆಗೇ ಬರುತ್ತಿದ್ದಳು.

ನಾನು ಕೂತುಬಿಟ್ಟೆ. ಕ್ಯಾರಿಬ್ಯಾಗ್ ಹುಡುಕುವವಳಂತೆ ಮೇಜಿನ ಕೆಳಗೆ, ಇಳಿಬಿಟ್ಟ ಬಟ್ಟೆಯ ಹಿಂದೆ. ಅವರು ನಮ್ಮ ಮುಂದೆಯೇ ನಿಂತರು. ಅವಳ ತಾಯಿ ಖಾರ ಮೂಸಿ ನೋಡಿ "ಕಿತಿಲಾ?" ಅಂದರು. ಅವ್ವ ತನ್ನ ಹರಕು ಮರಾಠಿಯಲ್ಲಿ ಬೆಲೆ ಹೇಳಿದಳು. ಎರಡು ಪಾಕೀಟು ತೆಗೆದುಕೊಂಡರು. ಲೇಬಲ್ ಓದಿದ ಗೆಳತಿ "ಗಡಹಿಂಗ್ಲಜವೇ? ನನ್ನ ಫ್ರೆಂಡ್ ಒಬ್ಬಳು ಅಲ್ಲಿಯವಳೇ" ಎಂದು ನನ್ನ ಹೆಸರು ಹೇಳಿ, ಗೊತ್ತೇ ಎಂದು ಕೇಳಿದಳು.

ಅವ್ವನ ಕಾಲಿಗೆ ನನ್ನ ಹೆಗಲು ತಾಗಿತ್ತು. ಒಂದು ಕ್ಷಣ ಸುಮ್ಮನಿದ್ದು ಅವ್ವ ಹೇಳಿದಳು, "ಗೊತ್ತಿಲ್ಲವ್ವಾ. ದೊಡ್ಡ ಊರದು."

ಅವರು ಹೋದರು. ನಾನು ಎದ್ದು ಕ್ಯಾರಿಬ್ಯಾಗ್ ಕಟ್ಟು ಮೇಜಿನ ಮೇಲಿಟ್ಟೆ. ಅವ್ವ ಏನೂ ಅನ್ನಲಿಲ್ಲ. ಸುಳ್ಳು ಹೇಳಿದರೆ ಪಾಪನಿವೇದನೆಗೆ ಹೋಗುವವರೆಗೆ ಸರಿಯಾಗಿ ನಿದ್ದೆ ಮಾಡದ ಹೆಂಗಸು ಅವಳು. ನನ್ನನ್ನು ಉಳಿಸಲು ನನ್ನನ್ನೇ ಗೊತ್ತಿಲ್ಲ ಅಂದಳು. ಪೇತ್ರನ ಕಥೆಯನ್ನು ಪವಿತ್ರ ವಾರದಲ್ಲಿ ಎಷ್ಟೋ ಸಲ ಕೇಳಿದ್ದೇನೆ. ಅಲ್ಲಿ ಗೊತ್ತಿಲ್ಲ ಅಂದವನು ತನ್ನ ಜೀವಕ್ಕೆ ಹೆದರಿದವನು. ಇದು ಎಂಥದ್ದು ಎಂದು ನನಗೆ ಆವತ್ತು ತಿಳಿಯಲಿಲ್ಲ. ನಾಲ್ಕು ದಿನಕ್ಕೆ ಅರವತ್ತೊಂದು ಪಾಕೀಟು ಮಾರಿ, ನೂರಾ ಮೂವತ್ತೊಂಬತ್ತು ಹೊತ್ತುಕೊಂಡು ಮನೆಗೆ ಬಂದೆವು.

ಆಮೇಲೆ ಬಹಳ ದಿನ ಯೋಚನೆ ಮಾಡಿದೆ. ನನಗೆ ಜನರ ಭಯ ಇದೆಯೇ? ಭಾನುವಾರ ಇಡೀ ಚರ್ಚ್ ತುಂಬಿದ್ದಾಗ ಮುಂದೆ ಹೋಗಿ ವಾಚನ ಓದುತ್ತೇನೆ. ಕ್ವಾಯರ್‌ನಲ್ಲಿ ಹಾಡು ಎತ್ತಿಕೊಡುತ್ತೇನೆ. ಯುವ ಶಿಬಿರದಲ್ಲಿ ಮೈಕ್ ಹಿಡಿದರೆ ಕಸಿದುಕೊಳ್ಳಬೇಕಾಗುತ್ತದೆ ಎಂದು ನೀವೇ ಚಾಷ್ಟಿ ಮಾಡುತ್ತೀರಿ. ಇಷ್ಟೆಲ್ಲ ಮಾಡುವವಳಿಗೆ ಒಬ್ಬ ಹೆಂಗಸಿನ ಎದುರು "ನೂರಾ ಇಪ್ಪತ್ತು ರೂಪಾಯಿ" ಎನ್ನಲು ಗಂಟಲು ಒಣಗುತ್ತದೆ! ವಾಚನ ಓದುವಾಗ ಆ ಮಾತು ನನ್ನದಲ್ಲ, ತಪ್ಪಿದರೂ ಯಾರೂ ಬೇಡ ಅನ್ನುವುದಿಲ್ಲ. ಸ್ಟಾಲಿನಲ್ಲಿ ಒಬ್ಬರು "ನಕೊ" ಅಂದು ಮುಂದೆ ಹೋದರೆ ನನ್ನನ್ನೇ, ನಮ್ಮ ಮನೆಯನ್ನೇ ಬೇಡ ಅಂದಂತೆ. ಅದರ ಜೊತೆಗೆ ಡಿಗ್ರಿಯ ಗರ್ವ ಬೇರೆ. ಗರ್ವ ಎಂದೇ ಬರೆಯುತ್ತೇನೆ, ಯಾಕೆಂದರೆ ನಾನು ಅದಕ್ಕೆ ಬಹಳ ದಿನ ನಾಚಿಕೆ ಎಂದು ಹೆಸರಿಟ್ಟಿದ್ದೆ. ಅಪರಿಚಿತರ ಮುಂದೆ ನಾನು ಬರೀ ಸುಮ್ಮನಿದ್ದೆ. ಅಡಗಿದ್ದು ಪರಿಚಯದವಳನ್ನು ಕಂಡು.

ಯೂಟ್ಯೂಬಿನಲ್ಲಿ ಆತ್ಮವಿಶ್ವಾಸದ ವಿಡಿಯೋಗಳನ್ನು ನೋಡಿದೆ. ಕನ್ನಡಿ ಮುಂದೆ ನಿಂತು ಮಾತಾಡಿ ಎನ್ನುತ್ತಾರೆ. ಮಾತಾಡಿದೆ. ಕನ್ನಡಿಗೆ ಖಾರ ಬೇಕಾಗಿರಲಿಲ್ಲ. ಹತ್ತು ಸಾಲು ಮರಾಠಿ ಬರೆದು ಬಾಯಿಪಾಠವನ್ನೂ ಮಾಡಿದೆ. ಅದರ ಗತಿ ಮುಂದೆ ಹೇಳುತ್ತೇನೆ.

ಆಗ ಎರಡು ಸಂಗತಿ ತಲೆಯಲ್ಲಿ ಸುತ್ತುತ್ತಿದ್ದವು. ಒಂದು ಲಿಜ್ಜತ್ ಹಪ್ಪಳದ್ದು. 1959 ರ ಮಾರ್ಚ್ 15 ರಂದು ಮುಂಬೈನ ಗಿರಗಾಂವ್‌ನಲ್ಲಿ ಏಳು ಮಂದಿ ಹೆಂಗಸರು ಎಂಬತ್ತು ರೂಪಾಯಿ ಸಾಲದಿಂದ ಶುರು ಮಾಡಿದರು, ಮೊದಲ ದಿನ ನಾಲ್ಕು ಪಾಕೀಟು ಮಾಡಿದರು ಎಂಬುದನ್ನು ಗಟ್‌ನ ಸಭೆಗಳಲ್ಲಿ ಎಲ್ಲರೂ ಹೇಳುತ್ತಾರೆ. ಅವರಲ್ಲೊಬ್ಬರಾದ ಜಸವಂತಿಬೆನ್ ಪೋಪಟ್ ಅವರಿಗೆ 2021 ರಲ್ಲಿ ಪದ್ಮಶ್ರೀ ಬಂತು. ನನಗೆ ಕಾಡಿದ್ದು ಆ ನಾಲ್ಕು ಪಾಕೀಟು ಕೈಯಲ್ಲಿ ಹಿಡಿದು ಅಂಗಡಿಯವನ ಎದುರು ಮೊದಲು ಬಾಯಿ ತೆರೆಯುವ ಗಳಿಗೆ. ಇನ್ನೊಂದು, ಪ್ರೇಷಿತರ ಕಾರ್ಯಕಲಾಪಗಳಲ್ಲಿ ಬರುವ ಲಿಡಿಯಾ. ಥುವತೈರದವಳು, ಫಿಲಿಪ್ಪಿ ಪಟ್ಟಣದಲ್ಲಿ ಬೆಲೆಬಾಳುವ ಬಣ್ಣದ ಬಟ್ಟೆ ಮಾರುತ್ತಿದ್ದಳು. ಆ ವಾಚನ ಒಮ್ಮೆ ನಾನೇ ಓದಿದ್ದೆ. ಅವಳ ವಿಶ್ವಾಸದ ಬಗ್ಗೆ ಪ್ರಸಂಗಗಳನ್ನು ಕೇಳಿದ್ದೇವೆ. ಪರಊರಿನಲ್ಲಿ ಗಿರಾಕಿಯನ್ನು ಹೇಗೆ ಕರೆಯುತ್ತಿದ್ದಳು ಎಂದು ಯಾವ ಫಾದರೂ ಹೇಳಿಲ್ಲ!

2024 ರ ಫೆಬ್ರವರಿಯಲ್ಲಿ ಇಚಲಕರಂಜಿಯಲ್ಲಿ ಎರಡು ದಿನದ ಸ್ಟಾಲ್ ಸಿಕ್ಕಿತು. ಅಪ್ಪನ ಹಳೆಯ ಪರಿಚಯದವರೊಬ್ಬರು ಕೊಡಿಸಿದ್ದು. ಈ ಊರಿನ ಬಗ್ಗೆ ಸಣ್ಣವರಿಗೆ ಒಂದು ಮಾತು. 1904 ರಲ್ಲಿ ವಿಠ್ಠಲರಾವ್ ದಾತಾರ್ ಎನ್ನುವವರು ಇಲ್ಲಿ ಮೊದಲ ಪವರ್‌ಲೂಮ್ ಹಾಕಿದರು. ಆಮೇಲೆ ಊರಿಗೆ ಊರೇ ಮಗ್ಗವಾಯಿತು. ಮಹಾರಾಷ್ಟ್ರದ ಮ್ಯಾಂಚೆಸ್ಟರ್ ಎನ್ನುತ್ತಾರೆ. ನಮ್ಮ ಕಡೆಯಿಂದ, ಕರ್ನಾಟಕದ ಕಡೆಯಿಂದ ಕೆಲಸಕ್ಕೆ ಹೋಗಿ ಅಲ್ಲೇ ನೆಲೆಸಿದವರು ಬಹಳ. ಇದು ನನಗೆ ಗೊತ್ತಿದ್ದ ಸಂಗತಿಯೇ. ಆದರೂ ಸ್ಟಾಲಿನಲ್ಲಿ ನಿಂತಾಗ ಎದುರಿನವರೆಲ್ಲ ಶುದ್ಧ ಮರಾಠಿ ಪರೀಕ್ಷಕರಂತೆ ಕಂಡರು.

ಮೊದಲ ಗಂಟೆ ಬಾಯಿಪಾಠ ಒಪ್ಪಿಸಿದೆ. ಎರಡನೆಯ ಸಾಲಿಗೆ ಬರುವಷ್ಟರಲ್ಲಿ ಗಿರಾಕಿ ಮೂರು ಸ್ಟಾಲ್ ಮುಂದೆ ಹೋಗಿರುತ್ತಿದ್ದರು. ಬೋಣಿಗೆಯೇ ಆಗಿರಲಿಲ್ಲ. ಅವ್ವ ಸ್ಟೂಲಿನ ಮೇಲೆ ಕುಳಿತು ಜಪಸರ ತಿರುಗಿಸುತ್ತಿದ್ದಳು. ವ್ಯಾಪಾರಕ್ಕೋ, ನನಗೋ ಗೊತ್ತಿಲ್ಲ.

ಆಗ ಒಬ್ಬ ಹೆಂಗಸು ನಿಂತು, ಕೆಂಪು ಖಾರದ ಪಾಕೀಟನ್ನು ಬೆಳಕಿಗೆ ಹಿಡಿದು, "ಇಷ್ಟು ಕೆಂಪಗೆ ಎಲ್ಲಿರುತ್ತದೆ? ರಂಗ ಹಾಕಿದ್ದೀರಿ" ಎಂದು ಮರಾಠಿಯಲ್ಲಿ ಅಂದರು.

ಸಿಟ್ಟು ಬಂತು. ಆ ಮೆಣಸಿನಕಾಯಿಯ ತೊಟ್ಟನ್ನು ಅವ್ವ ಒಂದೊಂದಾಗಿ ಮುರಿದದ್ದನ್ನು, ಉರಿಯುವ ಕೈಗೆ ರಾತ್ರಿ ಎಣ್ಣೆ ಹಚ್ಚಿಕೊಂಡದ್ದನ್ನು ನಾನು ಕಣ್ಣಾರೆ ನೋಡಿದ್ದೆ. ಬಾಯಿಪಾಠ ಎಲ್ಲಿ ಹೋಯಿತೋ! ಚಹಾದ ಗಾಡಿಗೆ ಓಡಿ ಗಾಜಿನ ಲೋಟದಲ್ಲಿ ನೀರು ತಂದೆ. "ನೋಡ್ರಿ ಕಾಕು" ಎಂದು ನೀರಿನ ಮೇಲೆ ಅರ್ಧ ಚಮಚ ಖಾರ ಉದುರಿಸಿದೆ.

ಇದು ಮನೆಯಲ್ಲೇ ಮಾಡಿ ನೋಡಿ ಎಂದು ಎಫ್‌ಎಸ್‌ಎಸ್‌ಎಐ ಎಲ್ಲರಿಗೂ ಹೇಳಿಕೊಡುವ ಪರೀಕ್ಷೆ. ನೀರಿನಲ್ಲಿ ಕರಗುವ ಕೃತಕ ಬಣ್ಣ ಬೆರೆಸಿದ್ದರೆ ಆ ಬಣ್ಣ ಕೂಡಲೇ ಗೆರೆಗೆರೆಯಾಗಿ ಕೆಳಕ್ಕೆ ಇಳಿಯುತ್ತದೆ. ನಮ್ಮದು ಮೇಲೆಯೇ ತೇಲುತ್ತಿತ್ತು. ಸುತ್ತ ಐದಾರು ಜನ ಸೇರಿದರು. ನಾನು ಲ್ಯಾಬಿನಲ್ಲಿದ್ದಂತೆ ಮಾತಾಡುತ್ತಿದ್ದೆ. ಇದಕ್ಕೆ ಎರಡು ಜಾತಿ ಕಾಯಿ ಹಾಕಿದ್ದೇವೆ. ಬಣ್ಣ ಬ್ಯಾಡಗಿಯದ್ದು, ಸುಕ್ಕುಸುಕ್ಕಾದ ಕಾಯಿ, ಖಾರ ಕಡಿಮೆ. ಖಾರ ನಮ್ಮ ಸಂಕೇಶ್ವರಿಯದ್ದು, ಗಡಹಿಂಗ್ಲಜದ ಪೇಟೆಗೆ ಬರುತ್ತದಲ್ಲ, ಆ ಉದ್ದನೆಯ ಸಣ್ಣ ಕಾಯಿ. ಕೆಂಪು ಬಣ್ಣ ಕೊಡುವ ವಸ್ತು ಕ್ಯಾಪ್ಸಾಂಥಿನ್, ಬಾಯಿ ಸುಡುವುದು ಕ್ಯಾಪ್ಸೈಸಿನ್, ಎರಡೂ ಬೇರೆ. ಅದಕ್ಕೇ ಬಹಳ ಕೆಂಪಗಿದ್ದದ್ದೆಲ್ಲ ಬಹಳ ಖಾರ ಇರುವುದಿಲ್ಲ. ಖಾರ ಇರುವುದು ಬೀಜದಲ್ಲಿ ಎನ್ನುತ್ತಾರೆ, ಬೀಜ ಅಂಟಿಕೊಂಡಿರುವ ಬಿಳಿ ತಿರುಳಿನಲ್ಲಿ ಅದು ಹೆಚ್ಚು. ಇಷ್ಟನ್ನೂ ಹರಕು ಮುರುಕು ಮರಾಠಿಯಲ್ಲೇ ಹೇಳಿದೆ. ಯಾರೂ ನಗಲಿಲ್ಲ. ಒಬ್ಬರು ಪದ ತಪ್ಪಿದಲ್ಲಿ ತಾವೇ ಸರಿಪಡಿಸಿ ಕೊಟ್ಟರು.

ಹಿಂದಿನಿಂದ ಒಂದು ದನಿ: "ನೋಡಲೇ, ಮ್ಯಾಲ ತೇಲಾಕತ್ತೈತಿ."

ಕನ್ನಡ! ತಿರುಗಿ "ಹೌದ್ರಿ ಅಕ್ಕಾ, ನಿಮ್ಮೂರು ಯಾವುದ್ರಿ?" ಅಂದೆ. ರಬಕವಿ ಕಡೆಯವರು, ಇಪ್ಪತ್ತು ವರ್ಷದಿಂದ ಅಲ್ಲೇ ಇದ್ದಾರೆ, ಗಂಡ ಮಗ್ಗದ ಕೆಲಸ. "ಗುರೆಳ್ಳ ಚಟ್ನಿ ಐತೇನವ್ವಾ? ಇಲ್ಲಿ ಸಿಗೂದು ನಮ್ಮ ಮನಿ ರುಚಿ ಬರೂದಿಲ್ಲ." ಇರಲಿಲ್ಲ. ಅವ್ವ ಸ್ಟೂಲಿನಿಂದ ಎದ್ದು ಬಂದಳು, ಜಪಸರ ಇನ್ನೂ ಕೈಯಲ್ಲೇ. ಮರಾಠಿಯಲ್ಲಿ ನಾಲ್ಕು ಪದಕ್ಕೆ ಒದ್ದಾಡುತ್ತಿದ್ದವಳು ಆ ಅಕ್ಕನ ಜೊತೆ ಗುರೆಳ್ಳು ಎಷ್ಟು ಹದ ಹುರಿಯಬೇಕು, ಬಳ್ಳೊಳ್ಳಿ ಯಾವಾಗ ಹಾಕಬೇಕು ಎಂದು ಅರ್ಧ ಗಂಟೆ ಮಾತಾಡಿದಳು. ಆ ಅಕ್ಕ ಮಧ್ಯಾಹ್ನ ತಮ್ಮ ಓಣಿಯ ನಾಲ್ವರನ್ನು ಕರೆದುಕೊಂಡು ಬಂದರು.

ಬಣ್ಣ ಹಾಕಿದ್ದೀರಿ ಅಂದ ಹೆಂಗಸು ಏನೂ ಕೊಳ್ಳದೆ ಹೋದರು. ಅದನ್ನು ಬರೆಯಲೇಬೇಕು. ಎರಡು ದಿನಕ್ಕೆ ಎಪ್ಪತ್ತನಾಲ್ಕು ಪಾಕೀಟು ಹೋದವು. ಅಂದರೆ ಕೊಲ್ಹಾಪುರದ ನಾಲ್ಕು ದಿನಕ್ಕಿಂತ ಹೆಚ್ಚು, ಆದರೂ ಅರವತ್ತೈದು ಉಳಿದವು.

ನೀರಿನ ಲೋಟದ ಬಗ್ಗೆ ಇನ್ನೊಂದು ಮಾತು, ಕೆಮಿಸ್ಟ್ರಿ ಓದಿದವಳಾಗಿ ಹೇಳದಿದ್ದರೆ ತಪ್ಪಾಗುತ್ತದೆ. ಸುಡಾನ್‌ನಂಥ ಎಣ್ಣೆಯಲ್ಲಿ ಕರಗುವ ಬಣ್ಣ ಈ ಪರೀಕ್ಷೆಗೆ ಸಿಕ್ಕುವುದಿಲ್ಲ. 2005 ರಲ್ಲಿ ಬ್ರಿಟನ್ನಿನಲ್ಲಿ ಖಾರದ ಪುಡಿಯಲ್ಲಿ ಅದು ಇದ್ದದ್ದಕ್ಕೆ ನೂರಾರು ಬಗೆಯ ಆಹಾರವನ್ನು ಅಂಗಡಿಗಳಿಂದ ವಾಪಸ್ ತೆಗೆಸಿದ್ದರು. ಅದನ್ನು ಕಂಡುಹಿಡಿಯಲು ಲ್ಯಾಬೇ ಬೇಕು. ಯಾರಾದರೂ ಕೇಳಿದರೆ ಇದನ್ನೂ ಹೇಳುತ್ತೇನೆ. ಹೇಳಿದರೆ ಗಿರಾಕಿ ಓಡಿಹೋಗುತ್ತಾರೆ ಎಂದು ಅಪ್ಪ ಬೈದರು. ಇದುವರೆಗೆ ಓಡಿಲ್ಲ. ಮಸಾಲಿ ಖಾರದಲ್ಲಿ ಕೊಬ್ಬರಿಯ ಎಣ್ಣೆ ಇರುವುದರಿಂದ ಲೋಟಕ್ಕೆ ಬರೀ ಕೆಂಪು ಖಾರವನ್ನೇ ಹಾಕುತ್ತೇನೆ.

ಆ ದಿನದಿಂದ ನನ್ನ ಸ್ಟಾಲಿನಲ್ಲಿ ಲೋಟ ಇದ್ದೇ ಇರುತ್ತದೆ. ಕೈಗೆ ಕೆಲಸವಿದ್ದರೆ ನನಗೆ ಬಾಯಿ ಬರುತ್ತದೆ, ಅಷ್ಟೇ ನನಗೆ ಸಿಕ್ಕ ಗುಟ್ಟು. "ತಗೊಳ್ಳಿ" ಎಂದು ಕರೆಯಲು ಇಂದಿಗೂ ಬರುವುದಿಲ್ಲ. "ನಿಮ್ಮ ಮನೆಯಲ್ಲಿ ಖಾರ ಹೆಚ್ಚೋ ಕಡಿಮೆಯೋ?" ಎಂದು ಕೇಳಲು ಬರುತ್ತದೆ. ಕೇಳಿದರೆ ಜನ ತಮ್ಮ ಅತ್ತೆಯ ಕಥೆಯವರೆಗೆ ಹೇಳುತ್ತಾರೆ, ನಾನು ಸುಮ್ಮನೆ ಕೇಳಿದರೂ ಸಾಕು. ಮೇಜಿನ ಹಿಂದೆ ನಿಲ್ಲುವುದನ್ನೂ ಬಿಟ್ಟೆ, ಅಲ್ಲಿ ನಿಂತರೆ ಅಡಗುವ ಆಸೆ ಹುಟ್ಟುತ್ತದೆ. ಬೆಲೆಯನ್ನು ದೊಡ್ಡ ಅಕ್ಷರದಲ್ಲಿ ಬರೆದು ತೂಗುಹಾಕಿದೆ, ಬಾಯಲ್ಲಿ ಹೇಳುವ ಸಂಕಟ ತಪ್ಪಿತು. ಭಕ್ಕರಿ ಚೂರಿಗೆ ಚಟ್ನಿ ಹಚ್ಚಿ ಕೊಡುತ್ತೇವೆ. ಒಮ್ಮೆ ಒಬ್ಬ ಕಾಕಾ ಮೀಸೆ ತಿರುವುತ್ತ ಖಾರವನ್ನೇ ಚಮಚದಲ್ಲಿ ತೆಗೆದು ಬಾಯಿಗೆ ಹಾಕಿಕೊಂಡು, ಕಣ್ಣೀರು ಸುರಿಸುತ್ತ ನೀರು ಕೇಳಿದರು. ನೀರು ಕೊಡದೆ ನಮ್ಮ ಬುತ್ತಿಯ ಮೊಸರು ಕೊಟ್ಟೆ. ಕ್ಯಾಪ್ಸೈಸಿನ್ ನೀರಿಗೆ ಬಗ್ಗುವುದಿಲ್ಲ, ಮೊಸರು, ಹಾಲಿಗೆ ಬಗ್ಗುತ್ತದೆ. ಸುತ್ತಲಿನವರು ನಕ್ಕು ಸಾಕಾದರು. ಕಾಕಾ ಮರ್ಯಾದೆ ಉಳಿಸಿಕೊಳ್ಳಲು ಒಂದು ಕಿಲೋ ಕೊಂಡರು.

ಪಾಕೀಟಿನ ಮೇಲಿನ ಹದಿನಾಲ್ಕು ಅಂಕಿಯ ಎಫ್‌ಎಸ್‌ಎಸ್‌ಎಐ ನಂಬರೂ ನನಗೆ ಧೈರ್ಯ ಕೊಟ್ಟಿತು, ನಗಬೇಡಿ. ನಾವು ಮಾಡಿಸಿದಾಗ, ವರ್ಷದ ವಹಿವಾಟು 12 ಲಕ್ಷದ ಒಳಗಿನ ಮನೆ ಉದ್ಯೋಗಕ್ಕೆ ವರ್ಷಕ್ಕೆ 100 ರೂಪಾಯಿ ಫೀ ಇತ್ತು. ಯಾರಾದರೂ "ಮನೆಯಲ್ಲಿ ಮಾಡಿದ್ದಾ?" ಎಂದು ಮೂಗು ಮುರಿದರೆ ಬೆರಳಿಟ್ಟು ತೋರಿಸಲು ಒಂದು ಜಾಗ ಆಯಿತು.

ಶಾವಿಗೆ, ಹಪ್ಪಳದ ಹುಡುಗಿಗೆ ಈಗ ಹೇಳುತ್ತೇನೆ. ತಂಗೀ, ಧೈರ್ಯ ಬಂದ ಮೇಲೆ ನಿಲ್ಲುತ್ತೇನೆ ಎಂದು ಕಾಯಬೇಡ. ನನಗೆ ಈಗಲೂ ಮೊದಲ ಅರ್ಧ ಗಂಟೆ ಕೈ ತಣ್ಣಗಿರುತ್ತದೆ. ನಿನಗೆ ಕರೆದು ಮಾತಾಡಲು ಆಗದಿದ್ದರೆ ಲೆಕ್ಕ ಬರೆ, ಹಪ್ಪಳ ಅಲ್ಲೇ ಸುಟ್ಟು ಕೊಡು, ವಾಸನೆಯೇ ಜನರನ್ನು ಕರೆಯುತ್ತದೆ. ನಿನ್ನ ತಮ್ಮ ಬಾಯಾಳಿ ಇದ್ದಾನಲ್ಲ, ಅವನನ್ನು ಮುಂದೆ ನಿಲ್ಲಿಸು. ಮೋಶೆಗೂ ಮಾತಾಡಲು ಅಣ್ಣ ಆರೋನ ಬೇಕಾಗಿದ್ದ. ಆದರೆ ಪರಿಚಯದವರು ಬಂದಾಗ ಕೂತುಬಿಡಬೇಡ. ನಿಂತೇ ಇರು, ಮಾತು ಬರದಿದ್ದರೂ ಪರವಾಗಿಲ್ಲ.

ಇನ್ನು ನನ್ನ ಗೆಳತಿ. ಇಚಲಕರಂಜಿಯಿಂದ ಬಂದ ರಾತ್ರಿಯೇ ಅವಳಿಗೆ ಎಲ್ಲ ಬರೆದು ಕಳಿಸಬೇಕೆಂದುಕೊಂಡೆ. ಎಂಟು ತಿಂಗಳು ಹಿಡಿಯಿತು. ಹಬ್ಬದ ಸ್ಟಾಲ್ ಮುಗಿದ ಮರುದಿನ ಬರೆದೆ, ಮೇಜಿನ ಕೆಳಗಿದ್ದದ್ದನ್ನೂ ಸೇರಿಸಿ. ಅರ್ಧ ದಿನ ನೀಲಿ ಟಿಕ್ ಮಾತ್ರ. ಆಮೇಲೆ ಫೋನ್ ಮಾಡಿದಳು. ಬೈದಳು. ತನ್ನ ಲ್ಯಾಬಿನ ಕೆಲಸದಲ್ಲಿ ದಿನವಿಡೀ ಬಾಟಲಿ ತೊಳೆಯುವುದೇ ಹೆಚ್ಚು, ಅದನ್ನು ಸ್ಟೇಟಸ್ ಹಾಕಿಲ್ಲ ಅಂದಳು. ಆ ಖಾರ ಜನವರಿಯಲ್ಲೇ ಮುಗಿಯಿತಂತೆ, ಅವಳ ತಾಯಿ ಆಗಿನಿಂದ ಕೇಳುತ್ತಿದ್ದಾರಂತೆ.

ಈ ಡಿಸೆಂಬರಿಗೆ ಮತ್ತೆ ಕೊಲ್ಹಾಪುರದ ಅರ್ಜಿ ತುಂಬಿದ್ದೇವೆ. ತಾಯಿಯನ್ನು ಕರೆದುಕೊಂಡು ಸ್ಟಾಲಿಗೆ ಬರುತ್ತೇನೆ ಎಂದಿದ್ದಾಳೆ. ಅವ್ವನಿಗೆ ಹೇಳಿದೆ. ಮೆಣಸಿನಕಾಯಿ ತೊಟ್ಟು ಮುರಿಯುತ್ತಿದ್ದವಳು ಕೈ ನಿಲ್ಲಿಸಿ, "ಅಯ್ಯ, ಆಕಿ ಮುಂದ ನಾ ಈಗ ಏನಂತ ಹೇಳ್ಲಿ? ಹ್ವಾದ ಸಲ ನೀ ಗೊತ್ತಿಲ್ಲ ಅಂದೀನಿ" ಅಂದಳು. ಆಮೇಲೆ ಸ್ವಲ್ಪ ಯೋಚಿಸಿ ಹೇಳಿದಳು, "ನಾ ಕೂತ್ಕೋತೀನಿ ಬಿಡು ಮೇಜಿನ ಕೆಳಗ."